ತೂಕಕ್ಕೆ ಹೋದ ಮೇಜಿನ ಬೆಳ್ಳಿ

ನಾನಿರುವ ಬರ್ಮಿಂಗ್‌ಹ್ಯಾಮಿನ ಹಳೇ ಸಾಮಾನಿನ ಸಂತೆಯಲ್ಲಿ ಲಕೋಟೆ ಬಿಡಿಸುವ ಬೆಳ್ಳಿ ಚೂರಿ ಕೈಗೆ ಸಿಕ್ಕರೆ ಯಾರೂ ಮೊದಲು ತೂಗುವುದಿಲ್ಲ. ಭೂತಗನ್ನಡಿ ತೆಗೆದು ಮುದ್ರೆ ಹುಡುಕುತ್ತಾರೆ. ಕಾಲೆತ್ತಿ ನಡೆಯುವ ಸಿಂಹವಿದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ. ಲಂಗರಿದ್ದರೆ 1773ರಲ್ಲಿ ಶುರುವಾದ ಇದೇ ಊರಿನ ಬೆಳ್ಳಿ ಪರೀಕ್ಷಾ ಕಚೇರಿಯದ್ದು. ಪಕ್ಕದ ಅಕ್ಷರ ವರ್ಷ ಹೇಳುತ್ತದೆ. ಶಾಯಿ ಕುಡಿಕೆ, ಅಂಚೆಚೀಟಿ ಡಬ್ಬಿ, ಅರಗಿನ ಮುದ್ರೆ ಎಲ್ಲಕ್ಕೂ ಇದೇ ಜಾತಕ.

ಕೊಡಗಿನಲ್ಲಿ 1854ರಿಂದ ಇಂಗ್ಲಿಷ್ ದೊರೆಗಳ ಕಾಫಿ ತೋಟಗಳು ಎದ್ದವು. ಬಂಗಲೆಯ ಮೇಜಿನ ಮೇಲಿದ್ದ ಇಂಥ ಕೆಲವು ಸಾಮಾನು ತೋಟದ ಜೊತೆಗೇ ನಮ್ಮವರ ಕೈಗೂ ಬಂದವು. ಮಡಿಕೇರಿ ಹತ್ತಿರದ ನನ್ನ ಅತ್ತೆ ಅವನ್ನೆಲ್ಲ ಅಂಗಡಿಗೆ ಹಾಕಿ ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಿದರು. “ಶಾಯಿಯೇ ಇಲ್ಲದ ಮೇಲೆ ಕುಡಿಕೆ ಯಾಕೆ ಮಗ?” ಅಂದರು. ಕೇಳಿದ್ದು ಸರಿಯೇ. ಆದರೆ ಲೆಕ್ಕ ತಪ್ಪು. ಆ ಕಾಲದ ಎಷ್ಟೋ ಚೂರಿ ಹಿಡಿಗಳು ತೆಳು ಬೆಳ್ಳಿ ತಗಡಿನವು, ಒಳಗೆಲ್ಲ ರಾಳ. ಕರಗಿಸಿದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಎಲೆಕ್ಟ್ರೋಪ್ಲೇಟ್ ಆಗಿದ್ದರಂತೂ ಬೆಳ್ಳಿ ಬರೀ ಮೇಲ್ಲೇಪ.

ಹಾಗಂತ ಇಂಗ್ಲಿಷರ ರೀತಿಯೇ ಮೇಲು ಅನ್ನಲಾರೆ. ಅವರ ಚೂರಿ ಗಾಜಿನ ಕಪಾಟಿನಲ್ಲಿ ಕೂತಿರುತ್ತದೆ. ಅದರಲ್ಲಿ ಒಂದು ಕಾಗದವನ್ನೂ ಬಿಡಿಸುವುದಿಲ್ಲ. ಕೊಡಗಿನ ಬೆಳ್ಳಿ ಕಟ್ಟಿದ ಪೀಚೆಕತ್ತಿ ಎಂಬ ಗಿಡ್ಡ ಬಾಕು ಮದುವೆ ಬಂದರೆ ಗಂಡಸರ ನಿಲುವಂಗಿ ಕುಪ್ಯದ ಮೇಲೆ, ಚೇಲೆ ಎಂಬ ನಡುಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಹೊರಡುತ್ತದೆ. ಸರಪಣಿಯಲ್ಲಿ ಚಿಮಟ, ಕಿವಿಗುಗ್ಗೆ ಕಡ್ಡಿ ತೂಗಾಡುತ್ತಿರುತ್ತವೆ. ಕೈಲ್‌ಪೊಳ್ದು ಹಬ್ಬಕ್ಕೆ ಆಯುಧಗಳಿಗೆಲ್ಲ ಪೂಜೆ. ಅದನ್ನು ತೂಕಕ್ಕೆ ಹಾಕು ಅಂತ ಅತ್ತೆಗೆ ಹೇಳಿ ನೋಡಿ!

ತೊಂದರೆ ಇರುವುದು ಆ ಕತ್ತಿ ಮನೆ ಬಿಟ್ಟಾಗ. ಅದರ ಮೇಲೆ ಸಿಂಹವಿಲ್ಲ, ಅಕ್ಷರವಿಲ್ಲ. ಯಾರ ಐನ್‌ಮನೆಯದು, ಅಂದರೆ ಯಾವ ಮನೆತನದ ಮೂಲಮನೆಯದು, ಯಾರ ಮದುವೆಗೆ ಮಾಡಿಸಿದ್ದು ಎಂಬುದೆಲ್ಲ ಹಿರಿಯರ ಬಾಯಲ್ಲಿ. ಇಲ್ಲಿನ ಹರಾಜಿನ ಪಟ್ಟಿಯಲ್ಲಿ ಒಂದು ಕಂಡಿದ್ದೆ: ‘ಕೂರ್ಗ್ ಚಾಕು’, ಅಷ್ಟೇ. ಊರಿಲ್ಲ, ಒಕ್ಕದ (ಮನೆತನದ) ಹೆಸರಿಲ್ಲ. ಹಾಗಾಗಿ ಪೀಚೆಕತ್ತಿಯಾಗಲಿ, ದೊರೆಯ ಶಾಯಿ ಕುಡಿಕೆಯಾಗಲಿ, ಯಾರಿಂದ ಬಂತೆಂದು ಒಂದು ಚೀಟಿ ಬರೆದಿಡಿ ಎಂದು ಊರಿಗೆ ಫೋನ್ ಮಾಡಿದಾಗೆಲ್ಲ ಗೋಗರೆಯುತ್ತೇನೆ.

ಇನ್ನೊಂದು ಮಾತು, ವಿಭೂತಿ ಹಾಕಿ ತಿಕ್ಕುವ ಅಭ್ಯಾಸದ್ದು. ಮಡಿಕೇರಿಯ ಮಳೆಗಾಲದಲ್ಲಿ ಬೆಳ್ಳಿ ಕಪ್ಪಾಗದೆ ಇರುತ್ತದೆಯೇ? ಆದರೆ ಪ್ರತಿಸಲವೂ ತಿಕ್ಕಿದರೆ ಮುದ್ರೆ, ಕೆತ್ತನೆ ಎರಡೂ ಸವೆಯುತ್ತವೆ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಎರಡು ಸೀಮೆಸುಣ್ಣದ ತುಂಡು ಇಟ್ಟರೆ ಸಾಕು. ರಬ್ಬರ್‌ಬ್ಯಾಂಡ್ ಮಾತ್ರ ಹಾಕಬೇಡಿ. ಅದರ ಗಂಧಕಕ್ಕೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ.