ಒಂದು ಕಂತು ತಪ್ಪಿದರೆ ಲೈಸೆನ್ಸ್ ಮತ್ತೆ ಹೋಯ್ತು

ನಮ್ಮೂರಲ್ಲಿ ಇನ್ಶೂರೆನ್ಸ್ ಇರುವುದು ಗಾಡಿಗೆ. ಥರ್ಡ್ ಪಾರ್ಟಿ ಪಾಲಿಸಿ ಮಾಡಿಸುವಾಗ ಓಡಿಸುವವನು ಯಾರು, ಅವನ ಚರಿತ್ರೆ ಏನು ಅಂತ ಯಾರೂ ಕೇಳುವುದಿಲ್ಲ. ಎಂಜಿನ್ ಎಷ್ಟು ಸಿಸಿ ಅಂತ ನೋಡುತ್ತಾರೆ, ಸರ್ಕಾರ ಗೊತ್ತು ಮಾಡಿದ ದರ ಹೇಳುತ್ತಾರೆ, ಮುಗಿಯಿತು. ನಾನಿರುವ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹಾಗಲ್ಲ. ಇಲ್ಲಿ ಕೆಲವು ತಪ್ಪುಗಳಿಗೆ ಲೈಸೆನ್ಸ್ ಹೋದರೆ, ಅದನ್ನು ವಾಪಸ್ ಪಡೆಯುವ ಹೊತ್ತಿಗೆ ಇನ್ಶೂರೆನ್ಸ್ ಗಾಡಿಯನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತುತ್ತದೆ. ಅವನಿಗೆ ಪಾಲಿಸಿ ಇದೆ ಅಂತ ಕಂಪನಿ ರಾಜ್ಯಕ್ಕೆ ಒಂದು ಕಾಗದ ಕೊಡಬೇಕು. ಆ ಕಾಗದದ ಹೆಸರು ಎಸ್‌ಆರ್-22.

ಶಿಕಾಗೊ ಸುತ್ತಮುತ್ತಲಿನ ನಮ್ಮವರು ಈ ಹೆಸರನ್ನು ಜೋರಾಗಿ ಹೇಳುವುದಿಲ್ಲ. ಯುಗಾದಿ ಊಟದ ಸಾಲಿನಲ್ಲಿ ಗ್ರೀನ್ ಕಾರ್ಡ್, ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು ಎಲ್ಲ ಮಾತಿಗೆ ಬರುತ್ತವೆ. ಇದು ಮಾತ್ರ ಬರುವುದಿಲ್ಲ. ಎಸ್‌ಆರ್-22 ಅಂದ ಕೂಡಲೇ 'ಓ, ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದಾನೆ' ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಅದು ಒಂದು ಕಾರಣ, ನಿಜ. ಆದರೆ ಇನ್ಶೂರೆನ್ಸ್ ಇಲ್ಲದೆ ಓಡಿಸಿ ಮೂರು ಸಲ ಶಿಕ್ಷೆಯಾದವರಿಗೂ ಇದು ಬರುತ್ತದೆ. ಇನ್ಶೂರೆನ್ಸ್ ಇಲ್ಲದಾಗ ಡಿಕ್ಕಿ ಹೊಡೆದು ಸಸ್ಪೆಂಡ್ ಆದವರಿಗೂ ಬರುತ್ತದೆ. ಅಪಘಾತದ ಪರಿಹಾರ ಕೊಡು ಅಂತ ಕೋರ್ಟ್ ಹೇಳಿದ ಮೇಲೂ ಕೊಡದವರಿಗೂ ಬರುತ್ತದೆ. ನಾಚಿಕೆಯಿಂದ ಯಾರನ್ನೂ ಕೇಳದೆ ಕೂತವರು ಆಮೇಲೆ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಎಸ್‌ಆರ್-22 ಅನ್ನುವುದು ಇನ್ಶೂರೆನ್ಸೇ ಅಲ್ಲ. 'ಈ ಮನುಷ್ಯನಿಗೆ ಕಾನೂನು ಕೇಳುವಷ್ಟು ಪಾಲಿಸಿ ಇದೆ' ಅಂತ ಕಂಪನಿ ರಾಜ್ಯಕ್ಕೆ ಕಳಿಸುವ ಒಂದು ಫಾರ್ಮ್, ಅಷ್ಟೇ. ಇಲಿನಾಯ್‌ನಲ್ಲಿ ಅದು ಹೋಗುವುದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ. ನಮ್ಮ ಆರ್‌ಟಿಒ ಮಾಡುವ ಲೈಸೆನ್ಸ್ ಕೆಲಸ ಇಲ್ಲಿ ಅವರದು. ಫಾರ್ಮ್ ಕಳಿಸುವ ಶುಲ್ಕ ಸಾಮಾನ್ಯವಾಗಿ 25 ಡಾಲರ್ ಆಸುಪಾಸು. ಕಚ್ಚುವುದು ಶುಲ್ಕ ಅಲ್ಲ, ಪ್ರೀಮಿಯಂ. ಇಂಥವರನ್ನು ಕಂಪನಿಗಳು ಅಪಾಯದ ಗಿರಾಕಿ ಅಂತ ಬೇರೆ ಪಟ್ಟಿಗೆ ಹಾಕುತ್ತವೆ. ಕೆಲವು ಕಂಪನಿಗಳು ಫಾರ್ಮ್ ಕಳಿಸುವುದೇ ಇಲ್ಲ, ಬೇರೆ ಕಡೆ ನೋಡಿಕೊಳ್ಳಿ ಅನ್ನುತ್ತವೆ.

ಈ ಫಾರ್ಮ್ ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ರಾಜ್ಯಕ್ಕೊಂದು ಲೆಕ್ಕ. ಇಲಿನಾಯ್‌ನಲ್ಲಿ 3 ವರ್ಷ, ಮಧ್ಯೆ ಒಂದು ದಿನವೂ ಬಿಡುವಿಲ್ಲದೆ. ಟೆಕ್ಸಾಸ್‌ನಲ್ಲಿ 2 ವರ್ಷ. ಫ್ಲಾರಿಡಾ ಮತ್ತು ವರ್ಜೀನಿಯಾದಲ್ಲಿ ಕುಡಿದು ಓಡಿಸಿದವರಿಗೆ ಎಫ್‌ಆರ್-44 ಅಂತ ಇನ್ನೂ ಬಿಗಿಯಾದ ಫಾರ್ಮ್ ಇದೆ. ಫ್ಲಾರಿಡಾದಲ್ಲಿ ಅಂಥವನು ಒಬ್ಬರ ಗಾಯಕ್ಕೆ 1 ಲಕ್ಷ ಡಾಲರ್, ಒಂದು ಅಪಘಾತಕ್ಕೆ 3 ಲಕ್ಷ ಡಾಲರ್ ಹೊಣೆ ಹೊರುವ ಪಾಲಿಸಿ ಇಟ್ಟುಕೊಳ್ಳಬೇಕು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಈ ಫಾರ್ಮೇ ಇಲ್ಲ. ನ್ಯೂ ಹ್ಯಾಂಪ್‌ಶೈರ್ ಕಥೆ ಇನ್ನೂ ತಮಾಷೆ. ಅಲ್ಲಿ ಸಾಮಾನ್ಯ ಜನ ಕಾರಿನ ಇನ್ಶೂರೆನ್ಸ್ ಮಾಡಿಸಲೇಬೇಕು ಅಂತಿಲ್ಲ. ಆದರೆ ಕುಡಿದು ಓಡಿಸುವಂಥ ತಪ್ಪು ಮಾಡಿ ಸಿಕ್ಕಿಬಿದ್ದರೆ ಎಸ್‌ಆರ್-22 ಹಿಡಿದೇ ರಸ್ತೆಗೆ ಇಳಿಯಬೇಕು.

ಇಷ್ಟು ಫಾರ್ಮಿನ ಮುಖ. ಅದರ ಬೆನ್ನು ಬೇರೆ. ಪಾಲಿಸಿ ರದ್ದಾದರೆ ಕಂಪನಿಯೇ ರಾಜ್ಯಕ್ಕೆ ತಿಳಿಸಬೇಕು. ಬಹಳ ಕಡೆ ಆ ಸೂಚನೆಗೆ ಎಸ್‌ಆರ್-26 ಅನ್ನುತ್ತಾರೆ. ಜಾಮೀನು ನಿಂತವನೇ ಠಾಣೆಗೆ ಹೋಗಿ ಚಾಡಿ ಹೇಳಿದ ಹಾಗೆ. ಅದು ತಲುಪಿತೆಂದರೆ ಲೈಸೆನ್ಸ್ ಮತ್ತೆ ಸಸ್ಪೆಂಡ್. ಯಾವ ಪೊಲೀಸೂ ಕೈ ಅಡ್ಡ ಹಾಕಬೇಕಿಲ್ಲ, ಯಾವ ಸಿಗ್ನಲ್ಲೂ ದಾಟಬೇಕಿಲ್ಲ. ವಾಪಸ್ ಪಡೆಯಬೇಕಾದರೆ ಹೊಸ ಪಾಲಿಸಿ, ಹೊಸ ಫಾರ್ಮ್, ಮತ್ತೆ ಶುಲ್ಕ. ಕೆಲವು ರಾಜ್ಯಗಳಲ್ಲಿ ಅಷ್ಟು ದಿನ ನೀಟಾಗಿ ಕಟ್ಟಿದ್ದೂ ನೀರಿಗೆ ಹೋಗಿ ಅವಧಿ ಮೊದಲಿಂದ ಶುರುವಾಗುತ್ತದೆ.

ಪರಿಚಯದ ಒಬ್ಬ ಹುಡುಗ, ದಾವಣಗೆರೆ ಕಡೆಯವನು, ಹೀಗೇ ಸಿಕ್ಕಿಬಿದ್ದ. ಅವನ ಕ್ರೆಡಿಟ್ ಕಾರ್ಡ್ ನಂಬರನ್ನು ಯಾರೋ ಕದ್ದರು ಅಂತ ಬ್ಯಾಂಕ್ ಹೊಸ ಕಾರ್ಡ್ ಕೊಟ್ಟಿತು. ಇನ್ಶೂರೆನ್ಸ್ ಕಂಪನಿಯ ಆಟೊ ಪೇನಲ್ಲಿ ಹಳೆಯ ನಂಬರೇ ಉಳಿದಿತ್ತು. ಕಂತು ಹೋಗಲಿಲ್ಲ. ಎಚ್ಚರಿಕೆಯ ಇಮೇಲ್ ಜಾಹೀರಾತುಗಳ ರಾಶಿಯಲ್ಲಿ ಹೂತುಹೋಯಿತು. ಕಾಗದದ ಪತ್ರ ಹಳೆಯ ಅಪಾರ್ಟ್‌ಮೆಂಟಿಗೆ ಹೋಯಿತು. ಇಲಿನಾಯ್‌ನಲ್ಲಿ ವಿಳಾಸ ಬದಲಾದರೆ 10 ದಿನದೊಳಗೆ ತಿಳಿಸಬೇಕು ಅಂತ ಕಾನೂನಿದೆ. ಮನೆ ಬದಲಿಸುವಾಗ ಯಾರಿಗೆ ನೆನಪಿರುತ್ತೆ ಹೇಳಿ. ತನ್ನ ಲೈಸೆನ್ಸ್ ಇಲ್ಲ ಅನ್ನುವುದು ಅವನಿಗೆ ಗೊತ್ತಾಗಿದ್ದು ಹಿಂದಿನ ಲೈಟು ಕೆಟ್ಟಿದೆ ಅಂತ ಪೊಲೀಸ್ ಕಾರು ನಿಲ್ಲಿಸಿದಾಗ. ಸಸ್ಪೆಂಡ್ ಆದ ಲೈಸೆನ್ಸಿನಲ್ಲಿ ಓಡಿಸುವುದು ಇಲ್ಲಿ ಬರೀ ದಂಡದ ಕೇಸಲ್ಲ, ಕ್ರಿಮಿನಲ್ ಕೇಸು. ಮೊದಲ ಸಲಕ್ಕೇ 2,500 ಡಾಲರ್ ತನಕ ದಂಡ, ಜೈಲಿಗೆ ಹಾಕುವ ಅಧಿಕಾರವೂ ಉಂಟು. ಕುಡಿದಿರಲಿಲ್ಲ, ಜೋರಾಗಿ ಓಡಿಸುತ್ತಿರಲಿಲ್ಲ. ಕಂತು ತಪ್ಪಿತ್ತು.

ನಮ್ಮವರಿಗೆ ಇದಕ್ಕಿಂತ ದೊಡ್ಡ ಗುಂಡಿ ಊರಿಗೆ ಹೋಗುವ ಸಮಯದಲ್ಲಿ ಇರುತ್ತದೆ. ಡಿಸೆಂಬರಿನಲ್ಲಿ ತಂಗಿ ಮದುವೆ, ಎರಡು ಮೂರು ತಿಂಗಳು ಬೆಂಗಳೂರು. ಕಾರು ಗ್ಯಾರೇಜಿನಲ್ಲಿ ನಿಂತಿರುತ್ತದೆ. ಸುಮ್ನೆ ಯಾಕೆ ದುಡ್ಡು ದಂಡ ಅಂತ ಪಾಲಿಸಿ ನಿಲ್ಲಿಸುವುದು, ಇಲ್ಲವೇ ಬರೀ ನಿಲ್ಲಿಸಿಟ್ಟ ಗಾಡಿಯ ಪಾಲಿಸಿಗೆ ಇಳಿಸುವುದು ಇಲ್ಲಿ ಸಾಮಾನ್ಯ. ಎಸ್‌ಆರ್-22 ಇರುವವರು ಈ ಜಾಣತನಕ್ಕೆ ಕೈ ಹಾಕಲೇಬಾರದು. ಕಾರು ಓಡದಿದ್ದರೂ ಹೊಣೆ ಓಡುತ್ತಲೇ ಇರುತ್ತದೆ. ಬಸವನಗುಡಿಯಲ್ಲಿ ಕೂತು ದೋಸೆ ತಿನ್ನುತ್ತಿರುವಾಗ ಇಲ್ಲಿ ಲೈಸೆನ್ಸ್ ಹೋಗಿರುತ್ತದೆ.

ಕಾರನ್ನೇ ಮಾರಿಬಿಟ್ಟರೆ? ಆಗಲೂ ಬಿಡುಗಡೆ ಇಲ್ಲ. ಕಾರಿಲ್ಲದವನಿಗೆ ಅಂತಲೇ ಬೇರೆ ಪಾಲಿಸಿ ಇದೆ, ನಾನ್-ಓನರ್ ಪಾಲಿಸಿ ಅನ್ನುತ್ತಾರೆ. ಬೇರೆಯವರ ಕಾರನ್ನು ಯಾವಾಗಲಾದರೂ ಓಡಿಸಿದರೆ ಆಗುವ ಹಾನಿಗೆ ಅದು. ಗಾಡಿಯೇ ಇಲ್ಲದೆ ಗಾಡಿ ಇನ್ಶೂರೆನ್ಸಾ ಅಂತ ಊರಲ್ಲಿ ಹೇಳಿದರೆ ನಗುತ್ತಾರೆ. ಆದರೆ ಕಾರು ಮಾರಿದವರಿಗೆ ಅವಧಿ ಕಾಪಾಡಿಕೊಳ್ಳಲು ಸಾಮಾನ್ಯವಾಗಿ ಕಡಿಮೆ ಖರ್ಚಿನ ದಾರಿ ಅದೇ. ಅದನ್ನು ಮೊದಲು ಜಾರಿ ಮಾಡಿಸಿ, ಆಮೇಲೆ ಹಳೆಯದನ್ನು ನಿಲ್ಲಿಸಬೇಕು.

ಕಂಪನಿ ಬದಲಿಸುವಾಗಲೂ ಇದೇ ಕ್ರಮ. ಅಗ್ಗದ ದರ ಸಿಕ್ಕಿತು ಅಂತ ಇವತ್ತು ಹಳೆಯದು ರದ್ದು ಮಾಡಿ ಸೋಮವಾರ ಹೊಸದು ಶುರು ಮಾಡುವ ಹಾಗಿಲ್ಲ. ಹೊಸ ಕಂಪನಿಯ ಫಾರ್ಮ್ ರಾಜ್ಯದ ದಾಖಲೆಗೆ ಸೇರಿದ್ದು ಖಾತ್ರಿಯಾದ ಮೇಲೇ ಹಳೆಯದಕ್ಕೆ ಕೈ ಮುಗಿಯಬೇಕು. ಕೆಲವು ದಿನ ಎರಡೆರಡು ಕಡೆ ಕಟ್ಟಬೇಕಾಗುತ್ತದೆ, ಕಟ್ಟಿ. ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗುವವರದು ಇನ್ನೊಂದು ಪಾಡು. ಕಾಂಟ್ರಾಕ್ಟ್ ಕೆಲಸದಲ್ಲಿರುವ ನಮ್ಮ ಹುಡುಗರು ವರ್ಷಕ್ಕೊಂದು ಊರು ಸುತ್ತುತ್ತಾರೆ. ಆದೇಶ ಮಾಡಿದ ರಾಜ್ಯದ ಹೊಣೆ ಸಾಮಾನ್ಯವಾಗಿ ಹಿಂದೆಯೇ ಬರುತ್ತದೆ. ಆ ರಾಜ್ಯಕ್ಕೆ ಫಾರ್ಮ್ ಕಳಿಸಬಲ್ಲ ಕಂಪನಿಯನ್ನೇ ಹೊಸ ಊರಲ್ಲಿ ಹುಡುಕಬೇಕು. ಹೋಗಿದ್ದು ನ್ಯೂಯಾರ್ಕಿಗಾದರೆ ಅಲ್ಲಿನ ಏಜೆಂಟನಿಗೆ ಈ ಫಾರ್ಮಿನ ಅಭ್ಯಾಸವೇ ಇರುವುದಿಲ್ಲ. ಹಾಗಾಗಿ ಹೊರಡುವ ಮೊದಲೇ ಹಳೆಯ ರಾಜ್ಯದ ಕಚೇರಿಗೆ ಬರೆದು ಏನು ಮಾಡಬೇಕು ಅಂತ ಕೇಳುವುದು ವಾಸಿ.

ವೀಸಾದವರಿಗೆ ಒಂದೇ ಮಾತು. ಎಸ್‌ಆರ್-22 ಇದ್ದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ. ಕುಡಿದು ಓಡಿಸಿ ಬಂಧನವಾದರೆ ವೀಸಾ ರದ್ದಾಗುವ ಸಾಧ್ಯತೆ ಬೇರೆ ವಿಷಯ, ಅದಕ್ಕೆ ವಕೀಲರನ್ನೇ ನೋಡಬೇಕು.

ಈಗ ನಮ್ಮೂರಿನ ಕಡೆ ತಿರುಗುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಇಲ್ಲದಿದ್ದರೆ 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4,000. ಜೈಲಿನ ಮಾತೂ ಕಾಯ್ದೆಯಲ್ಲಿದೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಶೋರೂಮಿನಲ್ಲೇ ಮಾಡಿಸಬೇಕು. ಒಳ್ಳೆಯ ಕೆಲಸ. ಆದರೆ ಆ 5 ವರ್ಷ ಮುಗಿದ ಮೇಲೆ? ಸ್ಕೂಟರ್ ಡಿಕ್ಕಿಯಲ್ಲಿ ಮಡಚಿಟ್ಟ ಕಾಗದದ ತಾರೀಕು ದಾಟಿದ್ದು ಯಾರಾದರೂ ನಿಲ್ಲಿಸಿದಾಗಲೇ ನೆನಪಾಗುವುದು, ಅಲ್ವಾ?

ಲೈಸೆನ್ಸ್ ಸಸ್ಪೆಂಡ್ ಮಾಡುವುದು ನಮ್ಮಲ್ಲೂ ಉಂಟು. ಸಿಗ್ನಲ್ ಜಂಪ್, ಅತಿ ವೇಗ, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲಿನಲ್ಲಿ ಮಾತಾಡುವುದು, ಇವಕ್ಕೆ ಕಡಿಮೆ ಎಂದರೆ 3 ತಿಂಗಳು ಸಸ್ಪೆಂಡ್ ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಆ 3 ತಿಂಗಳು ಕಳೆದು ಡಿಎಲ್ ಕೈಗೆ ಬಂದ ಮೇಲೆ ಮಾತ್ರ ಅವನಿಗೂ ನನಗೂ ಥರ್ಡ್ ಪಾರ್ಟಿ ದರ ಒಂದೇ. ಟ್ರಾಫಿಕ್ ತಪ್ಪಿಗೆ ತಕ್ಕ ಹಾಗೆ ಪ್ರೀಮಿಯಂ ಏರಿಸೋಣ ಅಂತ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ಒಂದು ತಂಡ 2021ರಲ್ಲಿ ಸಲಹೆ ಕೊಟ್ಟಿತ್ತು. ಇತ್ತ ನಮ್ಮ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರು. ಜನ ಸಾಲಾಗಿ ನಿಂತು ಕಟ್ಟಿದರು. ಬಾಕಿ ವಸೂಲಾಯಿತು ಅನ್ನುವುದು ಸರಿ. ಆದರೆ ಹೊತ್ತಿಗೆ ಸರಿಯಾಗಿ ಪೂರ್ತಿ ಕಟ್ಟಿದವರು ಪೆದ್ದರಾದರಲ್ಲ, ಅದು ನನಗೆ ಇವತ್ತಿಗೂ ಹಿಡಿಸಿಲ್ಲ.

ಹಾಗಂತ ಅಮೆರಿಕದವರನ್ನು ಹೊಗಳಿ ಊರನ್ನು ಬೈಯುವ ಬರಹ ಇದಲ್ಲ. ಗಾಯಗೊಂಡವನ ಕಡೆಯಿಂದ ನೋಡಿ, ಆಗ ಚಿತ್ರ ತಿರುಗುತ್ತದೆ. ಇಲಿನಾಯ್ ಕೇಳುವ ಕನಿಷ್ಠ ಪಾಲಿಸಿ ಒಬ್ಬರ ಗಾಯಕ್ಕೆ 25,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 50,000. ಕ್ಯಾಲಿಫೋರ್ನಿಯಾದಲ್ಲಿ 2024ರ ಕೊನೆಯವರೆಗೂ ಒಬ್ಬರಿಗೆ ಬರೀ 15,000 ಇತ್ತು, 2025ರಿಂದ 30,000 ಆಗಿದೆ. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ ಈ ದುಡ್ಡು ಎಷ್ಟು ಹೊತ್ತು ಬರುತ್ತೆ ಅಂತ ಗೊತ್ತು. ಅಂದರೆ ಒಂದು ಕಂತೂ ತಪ್ಪದೆ ಫಾರ್ಮ್ ಕಾಪಾಡಿಕೊಂಡ ಮನುಷ್ಯ ನಾಳೆ ಯಾರಿಗಾದರೂ ಗುದ್ದಿದರೆ, ಗಾಯಗೊಂಡವನಿಗೆ ಆಸ್ಪತ್ರೆ ಖರ್ಚೂ ಪೂರ್ತಿ ಸಿಗದೆ ಹೋಗಬಹುದು. ನಮ್ಮಲ್ಲಿ ಸಾವು ನೋವಿನ ಥರ್ಡ್ ಪಾರ್ಟಿ ಪರಿಹಾರಕ್ಕೆ ಪಾಲಿಸಿಯಲ್ಲಿ ಮಿತಿಯೇ ಇಲ್ಲ. ಎಷ್ಟು ಅಂತ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನ ಮಾಡುತ್ತದೆ. ಓಡಿಸಿದವನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ ಅಂದರೂ, ಮೊದಲು ಕಂಪನಿ ಸಂತ್ರಸ್ತರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಆದೇಶ ಮಾಡುವ ದಾರಿಯನ್ನು ಸುಪ್ರೀಂ ಕೋರ್ಟ್ 2004ರಲ್ಲೇ ಗಟ್ಟಿ ಮಾಡಿದೆ. ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಒಪ್ಪುತ್ತೇನೆ. ಆದರೂ ಪೆಟ್ಟು ತಿಂದವನನ್ನು ಮೊದಲು ನೋಡುವ ಬುದ್ಧಿ ನಮ್ಮ ಕಾನೂನಿಗೆ ಇದೆ. ಇಲ್ಲಿನವರು ಕಾವಲಿನಲ್ಲಿ ಗಟ್ಟಿ, ಪರಿಹಾರದಲ್ಲಿ ಜಿಪುಣರು.

ಆ ಕಾವಲೂ ಎಲ್ಲರಿಗೂ ಒಂದೇ ಥರ ಇಲ್ಲ. ಐಟಿ ಕೆಲಸದವನು 6 ತಿಂಗಳ ಪ್ರೀಮಿಯಂ ಒಟ್ಟಿಗೆ ಕಟ್ಟಿ ಮರೆತುಬಿಡುತ್ತಾನೆ. ಗೋದಾಮಿನಲ್ಲಿ ದಿನಗೂಲಿಗೆ ಪೆಟ್ಟಿಗೆ ಎತ್ತುವವನು ತಿಂಗಳ ಕಂತಿನಲ್ಲಿ ಕಟ್ಟಬೇಕು. ಶಿಫ್ಟ್ ಕಡಿಮೆಯಾದ ತಿಂಗಳು ಕಂತು ತಪ್ಪುತ್ತದೆ, ಲೈಸೆನ್ಸ್ ಹೋಗುತ್ತದೆ. ಶಿಕಾಗೊ ನಗರ ದಾಟಿದರೆ ಬಸ್ಸು ಅಪರೂಪ, ಹಾಗಾಗಿ ಕೆಲಸವೂ ಹೋಗುತ್ತದೆ. ಇವನು ರಸ್ತೆಯಲ್ಲಿ ಹೇಗೆ ಓಡಿಸುತ್ತಿದ್ದಾನೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪಾಲಿಸಿ ರದ್ದು ಮಾಡುವ ಮೊದಲು ಕಂಪನಿ ನೋಟಿಸ್ ಕೊಡಬೇಕು ಅನ್ನುವ ಕಾನೂನು ಇಲ್ಲೂ ಇದೆ. ನನ್ನ ತಕರಾರು ಅದು ತಲುಪುವ ಬಗೆಯ ಮೇಲೆ. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೂ ಮೊಬೈಲಿಗೆ ಮೆಸೇಜ್ ಬರುತ್ತದೆ. ಇಷ್ಟು ದೊಡ್ಡ ದೇಶದಲ್ಲಿ ಲೈಸೆನ್ಸ್ ಹೋಗುವಂಥ ವಿಷಯ ಇನ್ನೂ ಅಂಚೆ ಪೆಟ್ಟಿಗೆ ನಂಬಿಕೊಂಡಿದೆ. ಕಂತು ತಪ್ಪಿದ ದಿನವೇ ರಾಜ್ಯದ ಕಡೆಯಿಂದ ಒಂದು ಮೆಸೇಜ್, ಸರಿಪಡಿಸಲು ಒಂದೆರಡು ವಾರ, ಆಮೇಲೆ ಬೇಕಾದರೆ ಸಸ್ಪೆಂಡ್. ಇಷ್ಟು ಮಾಡಿದರೆ ಯಾರಿಗೂ ನಷ್ಟವಿಲ್ಲ.

ಇನ್ನು ಅವಧಿ ಮುಗಿಯುವ ವಿಷಯ. ಇಲ್ಲಿ ಬಹಳ ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾರೆ. 3 ವರ್ಷ ಆಯಿತು, ಇನ್ನು ಸಾಕು ಅಂತ ಕಂಪನಿಯವರು ತಾವಾಗಿಯೇ ಫೋನ್ ಮಾಡುತ್ತಾರೆ ಅಂತ ಕಾಯಬೇಡಿ. ಅವರಿಗೆ ಜಾಸ್ತಿ ಪ್ರೀಮಿಯಂ ಬರುತ್ತಲೇ ಇರುತ್ತದೆ, ಅವಸರವೇನು? ಹಾಗಂತ ಕ್ಯಾಲೆಂಡರ್ ನೋಡಿ ನೀವೇ ಲೆಕ್ಕ ಹಾಕಿ ನಿಲ್ಲಿಸಲೂ ಬೇಡಿ. ನೀವು ಎಣಿಸುವ ಮೊದಲ ದಿನ ಬೇರೆ, ರಾಜ್ಯ ಎಣಿಸುವ ಮೊದಲ ದಿನ ಬೇರೆ ಇರಬಹುದು. ಒಂದು ವಾರ ಮುಂಚೆ ನಿಲ್ಲಿಸಿದರೂ ಮತ್ತೆ ಸಸ್ಪೆಂಡ್. ಕೊನೆಯ ತಾರೀಕನ್ನು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆ ದಿನ ದಾಟಿದ ಮೇಲೆ ಕಂಪನಿಗೆ ಫೋನ್ ಮಾಡಿ ಫಾರ್ಮ್ ತೆಗೆಸಿ, ಹೊಸ ದರ ಕೇಳಿ. ಕಡಿಮೆ ಮಾಡದಿದ್ದರೆ ಅವತ್ತೇ ಬೇರೆ ಕಂಪನಿ ನೋಡಿ. ಅಷ್ಟು ದಿನದ ಮೇಲೆ ಮೊದಲ ಸಲ ನಿಮಗೆ ಆ ಸ್ವಾತಂತ್ರ್ಯ ಇರುತ್ತದೆ.