ಮಾತಾಡಿ ಮಕ್ಕಳೇ, ಆದರೆ ಸರದಿಯಲ್ಲಿ

ಮಕ್ಕಳೇ, ಮನಸ್ಸು ಬಿಚ್ಚಿ ಮಾತಾಡಿ. ಇದನ್ನು ನಾನು ಹೇಳುತ್ತಿಲ್ಲ, ಗೋಡೆಗಳು ಹೇಳುತ್ತಿವೆ. ಶಾಲೆಯ ಗೋಡೆ, ಆಸ್ಪತ್ರೆಯ ಗೋಡೆ, ಬಸ್ಸಿನ ಬೆನ್ನು, ಫೋನಿನ ಪರದೆ, ಎಲ್ಲ ಕಡೆ ಒಂದೇ ಮಾತು: ಒಳಗೇ ಇಟ್ಟುಕೊಳ್ಳಬೇಡಿ, ಹೇಳಿಕೊಳ್ಳಿ. ಯಾರಿಗೆ ಹೇಳಿಕೊಳ್ಳಬೇಕು, ಅವರು ಎಲ್ಲಿ ಕೂರುತ್ತಾರೆ, ಯಾವ ದಿನ ಸಿಗುತ್ತಾರೆ ಅನ್ನೋದು ಮಾತ್ರ ಪೋಸ್ಟರಿನಲ್ಲಿ ಇರುವುದಿಲ್ಲ. ಜಾಗ ಸಾಕಾಗಿರಲಿಕ್ಕಿಲ್ಲ. ಕೆಳಗಡೆ ಅಷ್ಟೊಂದು ಲೋಗೊ ಬರಬೇಕಿತ್ತಲ್ಲ.

ಅರಿವು ಮೂಡಿಸುವ ಕೆಲಸ ಭರ್ಜರಿಯಾಗಿ ನಡೆದಿದೆ, ಅದನ್ನು ಒಪ್ಪಲೇಬೇಕು. ಅಕ್ಟೋಬರ್ 10ನ್ನು ವಿಶ್ವ ಮಾನಸಿಕ ಆರೋಗ್ಯ ದಿನ ಅಂತ 1992ರಿಂದ ಆಚರಿಸುತ್ತಿದ್ದೇವೆ. ಅವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮುಖ್ಯ ಅತಿಥಿ ಬರುವವರೆಗೆ ಬಿಸಿಲಲ್ಲಿ ಕಾಯಿಸಿ, ಬಂದ ಮೇಲೆ ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ಅವರಿಂದ ಒಂದೂವರೆ ಗಂಟೆ ಹೇಳಿಸುತ್ತೇವೆ. ಮಧ್ಯೆ ಕದಲಿದವರಿಗೆ ಬೈಗುಳ. ಶಾಲೆಯಲ್ಲಿ ಒಬ್ಬ ಕೌನ್ಸೆಲರ್ ಇದ್ದರೆ ಅವತ್ತು ಅವರು ಮೈಕ್, ಬ್ಯಾನರ್, ಹೂಗುಚ್ಛದ ಉಸ್ತುವಾರಿಯಲ್ಲಿರುತ್ತಾರೆ. ಹಾಗಾಗಿ ಮಾನಸಿಕ ಆರೋಗ್ಯ ದಿನ ಕೌನ್ಸೆಲಿಂಗ್ ಕೋಣೆಗೆ ಬೀಗ. ಸಂಜೆ ಪ್ರಬಂಧ ಸ್ಪರ್ಧೆ, ವಿಷಯ ‘ಸ್ಪರ್ಧೆಯ ಒತ್ತಡ’. ಬಹುಮಾನ ಬರದವರು ಅಳುತ್ತಾ ಮನೆಗೆ ಹೋಗುತ್ತಾರೆ.

ಲೆಕ್ಕಕ್ಕೂ ಕೊರತೆ ಇಲ್ಲ. 10ರಿಂದ 19 ವರ್ಷದವರಲ್ಲಿ ಪ್ರತಿ 7 ಜನಕ್ಕೆ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಮೂರರಲ್ಲಿ ಒಂದು ಭಾಗ 14 ವರ್ಷ ತುಂಬುವ ಮೊದಲೇ, ಅರ್ಧದಷ್ಟು 18 ತುಂಬುವ ಮೊದಲೇ ಶುರುವಾಗಿರುತ್ತವೆ ಅಂತಲೂ ಹೇಳುತ್ತದೆ. ಇನ್ನು ಸರ್ಕಾರಗಳು ಆರೋಗ್ಯಕ್ಕೆ ಅಂತ ತೆಗೆದಿಡುವ ಹಣದಲ್ಲಿ ಮನಸ್ಸಿನ ಪಾಲು ಜಗತ್ತಿನ ಸರಾಸರಿ ನೋಡಿದರೆ ಶೇ 2ರ ಆಸುಪಾಸು. ಅನೇಕ ದೇಶಗಳಲ್ಲಿ ಅದರ ದೊಡ್ಡ ತುಂಡು ದೊಡ್ಡ ಮನೋರೋಗ ಆಸ್ಪತ್ರೆಗಳಿಗೇ ಹೋಗುತ್ತದೆ. ಮಗುವಿನ ಮನೆ ಹತ್ತಿರ, ಮಗುವಿನ ಶಾಲೆ ಹತ್ತಿರ ಒಬ್ಬ ಥೆರಪಿಸ್ಟ್ ಕೂರಲಿ ಅಂತ ಉಳಿಯುವ ದುಡ್ಡಿನಲ್ಲಿ ಪೋಸ್ಟರ್ ಮಾತ್ರ ಅಚ್ಚು ಹಾಕಬಹುದು. ಹಾಕಿದ್ದೇವೆ.

ಈಗ ಇಷ್ಟನ್ನೆಲ್ಲ ನಂಬಿ ಒಂದು ಮಗು ನಿಜಕ್ಕೂ ಬಾಯಿ ಬಿಟ್ಟಿತು ಅಂತಿಟ್ಟುಕೊಳ್ಳಿ. ‘ಅಮ್ಮಾ, ಶಾಲೆಗೆ ಹೋಗೋಕೆ ಭಯ ಆಗುತ್ತೆ, ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಹೊಟ್ಟೆನೋವು.’ ಅಮ್ಮ ಹೆದರಿ ಶಾಲೆಗೆ ಓಡುತ್ತಾಳೆ. ಶಾಲೆಯವರು ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತಾರೆ. ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ಮಾಡಿಸಿ, ಹೊಟ್ಟೆಯಲ್ಲಿ ಏನೂ ಇಲ್ಲ, ಮನಸ್ಸಿಗೆ ಏನೋ ಆಗಿರಬೇಕು, ಶಾಲೆಯ ಕೌನ್ಸೆಲರ್‌ಗೆ ತೋರಿಸಿ ಅನ್ನುತ್ತಾರೆ. ಕೌನ್ಸೆಲರ್, ಇದು ನನ್ನ ಕೈಲಾಗೋದಲ್ಲ, ತಜ್ಞರ ಹತ್ತಿರ ಹೋಗಿ ಅನ್ನುತ್ತಾರೆ. ತಜ್ಞರ ಕಚೇರಿಯಲ್ಲಿ, ಡಾಕ್ಟರ ಚೀಟಿ ಎಲ್ಲಿ, ಶಾಲೆಯ ಪತ್ರ ಎಲ್ಲಿ ಅಂತ ಕೇಳುತ್ತಾರೆ. ಪ್ರತಿ ಕೌಂಟರಿನಲ್ಲೂ ಮಗು ತನ್ನ ಭಯವನ್ನು ಮೊದಲಿನಿಂದ ಹೇಳಬೇಕು, ಯಾಕಂದ್ರೆ ಹಿಂದಿನ ಕೌಂಟರಿನಲ್ಲಿ ಬರೆದುಕೊಂಡದ್ದು ಮುಂದಿನ ಕೌಂಟರಿಗೆ ತಲುಪುವ ಪದ್ಧತಿ ಇನ್ನೂ ಬಂದಿಲ್ಲ. ನಾಲ್ಕನೇ ಸಲಕ್ಕೆ ಮಗು ಸರಾಗವಾಗಿ, ಕಣ್ಣೀರಿಲ್ಲದೆ, ಪಾಠ ಒಪ್ಪಿಸುವ ಹಾಗೆ ಹೇಳುತ್ತದೆ. ಕೇಳಿದವರು ಬರೆದುಕೊಳ್ಳುತ್ತಾರೆ: ‘ಮಗು ಆರಾಮವಾಗಿ ಮಾತಾಡುತ್ತಿದೆ, ತೀವ್ರತೆ ಕಡಿಮೆ.’

ಆಮೇಲೆ ಬರುತ್ತದೆ ಪ್ರಶ್ನಾವಳಿ. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಬೇಜಾರಾಗಿತ್ತು? ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ಪ್ರತಿದಿನ. ಇಂಥ ಪ್ರಶ್ನಾವಳಿಗಳ ಮೇಲೆ ನನಗೇನೂ ಸಿಟ್ಟಿಲ್ಲ, ಸರಿಯಾದವರ ಕೈಯಲ್ಲಿ ಅವು ಒಳ್ಳೆಯ ಸಾಧನಗಳೇ. ನಮ್ಮಲ್ಲಿ ಅವು ಗೇಟಿನ ಕಾವಲುಗಾರ ಆಗಿಬಿಟ್ಟಿವೆ. ಅಂಕ ಕಡಿಮೆ ಬಂದರೆ, ಇಷ್ಟಕ್ಕೆಲ್ಲ ಥೆರಪಿ ಬೇಡ, ಜಾಸ್ತಿ ಆದರೆ ಬನ್ನಿ. ಅಂಕ ಜಾಸ್ತಿ ಬಂದರೆ, ಅಯ್ಯೋ, ಇದು ನಮ್ಮ ಕೇಂದ್ರಕ್ಕೆ ಮೀರಿದ್ದು, ಇನ್ನೂ ದೊಡ್ಡ ಕಡೆ ಹೋಗಿ. ಈ ಎರಡರ ನಡುವೆ ಒಂದು ಸಣ್ಣ ಕಿಂಡಿ ಇದೆ. ಅದಕ್ಕೆ ಸರಿಯಾಗಿ ಹೊಂದುವಷ್ಟೇ ದುಃಖಪಡುವುದನ್ನು ಮಕ್ಕಳು ಅಭ್ಯಾಸ ಮಾಡಿಕೊಳ್ಳಬೇಕು. ಒಮ್ಮೆ ಕಿಂಡಿಯೊಳಗೆ ಬಂದ ಮೇಲೆ ಸರದಿ ಬರುವವರೆಗೆ ಅಲ್ಲೇ ಇರಬೇಕು. ಕಾಯುತ್ತಾ ಕಾಯುತ್ತಾ ಹೆಚ್ಚಾದರೆ ಬೇರೆ ಪಟ್ಟಿ, ಅದರ ಬಾಲಕ್ಕೆ ಸೇರಿಸುತ್ತಾರೆ. ಕಡಿಮೆಯಾದರೆ ಪಟ್ಟಿಯಿಂದಲೇ ತೆಗೆಯುತ್ತಾರೆ, ಅದು ಇಲಾಖೆಯ ಸಾಧನೆ.

ಸರದಿ ಅಂದರೆ ವಾರದ ಮಾತಲ್ಲ, ತಿಂಗಳುಗಟ್ಟಲೆ. ಹತ್ತು ವರ್ಷದ ಮಗುವಿಗೆ ಆರು ತಿಂಗಳು ಅಂದರೆ ಇದುವರೆಗಿನ ಬದುಕಿನ ಇಪ್ಪತ್ತರಲ್ಲಿ ಒಂದು ಭಾಗ. ಐವತ್ತು ವರ್ಷದ ಅಧಿಕಾರಿಗೆ ಅದೇ ಲೆಕ್ಕದಲ್ಲಿ ಎರಡೂವರೆ ವರ್ಷ ಆಗುತ್ತದೆ. ಅವರ ಬಡ್ತಿಯ ಕಡತ ಎರಡೂವರೆ ವರ್ಷ ಯಾರದ್ದೋ ಮೇಜಿನ ಮೇಲೆ ಸುಮ್ನೆ ಬಿದ್ದಿತ್ತು ಅಂತಿಟ್ಟುಕೊಳ್ಳಿ, ಆಗ ಅವರಿಗೂ ಒಬ್ಬ ಥೆರಪಿಸ್ಟ್ ಬೇಕಾಗುತ್ತಾರೆ.

ನನಗೆ ಅತ್ಯಂತ ಇಷ್ಟವಾದ ನಿಯಮ ಬೇರೆ ಇದೆ. ಎರಡು ಸಲ ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ಕಡತ ಮುಚ್ಚಲಾಗುವುದು. ಬಹಳ ಕಡೆ ಇಂಥದ್ದೊಂದು ನಿಯಮ ಇರುತ್ತದೆ, ಕೆಲವರಿಗೆ ಎರಡು, ಕೆಲವರಿಗೆ ಮೂರು. ಸಾಮಾನ್ಯ ರೋಗಿಗೆ ಇದು ನ್ಯಾಯವೇ ಇರಬಹುದು. ಈ ಮಗು ಬಂದದ್ದು ಯಾಕೆ? ಮನೆಯಿಂದ ಹೊರಗೆ ಕಾಲಿಡಲು ಭಯ ಅಂತ. ಅಪರಿಚಿತರ ಎದುರು ಬಾಯಿ ಒಣಗುತ್ತದೆ ಅಂತ. ಅಪಾಯಿಂಟ್‌ಮೆಂಟ್ ದಿನ ಮಗು ಬಾಗಿಲ ಹತ್ತಿರ ಕೂತು ಎದ್ದೇಳಲಿಲ್ಲ. ಅಂದರೆ ಕಾಯಿಲೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದೆ. ಕಚೇರಿಯಿಂದ ಪತ್ರ ಬರುತ್ತದೆ: ‘ನೀವು ಚಿಕಿತ್ಸೆಯಲ್ಲಿ ಆಸಕ್ತಿ ತೋರಿಸದ ಕಾರಣ ನಿಮ್ಮ ಕಡತವನ್ನು ಮುಕ್ತಾಯಗೊಳಿಸಲಾಗಿದೆ.’ ಈಜು ಬಾರದವನು ನೀರಿಗೆ ಇಳಿಯಲಿಲ್ಲ, ಆದ್ದರಿಂದ ಅವನಿಗೆ ಈಜು ಕಲಿಸುವುದಿಲ್ಲ. ಹೊರಗೆ ಬರಲಾಗದ ಮಗುವಿನ ಮನೆಗೆ ಯಾರಾದರೂ ಹೋಗಬಹುದಿತ್ತಲ್ವಾ, ಮೊದಲ ಎರಡು ಸಲ ಫೋನಿನಲ್ಲಾದರೂ ಮಾತಾಡಬಹುದಿತ್ತಲ್ವಾ ಅಂತ ಕೇಳಬೇಡಿ. ಪ್ರಯಾಣ ಭತ್ಯೆಯ ಫಾರಂನಲ್ಲಿ ಅದಕ್ಕೆ ಕಾಲಮ್ ಇಲ್ಲ.

ವೇಳೆಯ ವಿಚಾರಕ್ಕೆ ಬರೋಣ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು, ವಾರದ ದಿನಗಳಲ್ಲಿ ಮಾತ್ರ. ಮಕ್ಕಳು ಶಾಲೆಯಲ್ಲಿರುವ, ಅಪ್ಪ ಅಮ್ಮ ಕೆಲಸದಲ್ಲಿರುವ ಗಂಟೆಗಳನ್ನು ಇಷ್ಟು ಕರಾರುವಾಕ್ಕಾಗಿ ಹುಡುಕಿದವರನ್ನು ಮೆಚ್ಚಬೇಕು. ಥೆರಪಿಗೆ ಹೋಗಬೇಕೆಂದರೆ ಮಗು ಅರ್ಧ ದಿನ ಕ್ಲಾಸು ಬಿಡಬೇಕು, ಅಮ್ಮ ಅರ್ಧ ದಿನದ ಸಂಬಳ ಬಿಡಬೇಕು. ಹಾಜರಾತಿ ಕಡಿಮೆಯಾಯಿತು ಅಂತ ಶಾಲೆಯಿಂದ ನೋಟಿಸು ಬರುತ್ತದೆ, ಅದನ್ನು ನೋಡಿ ಮಗುವಿನ ಆತಂಕ ಇನ್ನಷ್ಟು ಏರುತ್ತದೆ, ಆಗ ಇನ್ನೂ ಜಾಸ್ತಿ ಸಲ ಥೆರಪಿಗೆ ಬರಬೇಕಾಗುತ್ತದೆ. ಹಾಗಾಗಿ ಸೇವೆಗೆ ಬೇಡಿಕೆ ಯಾವತ್ತೂ ಇಳಿಯುವುದಿಲ್ಲ.

ಫಾರಂನ ಕೊನೆಗೆ ಇಬ್ಬರು ಪೋಷಕರ ಸಹಿ. ಚಿಕ್ಕ ಮಕ್ಕಳ ವಿಷಯದಲ್ಲಿ ಒಪ್ಪಿಗೆ ಬೇಕು, ಅದು ಸರಿ. ಆದರೆ ಆ ಇಬ್ಬರ ಜಗಳಕ್ಕೆ ಹೆದರಿಯೇ ಮಗು ಹಾಸಿಗೆ ಒದ್ದೆ ಮಾಡುತ್ತಿದ್ದರೆ? ಅವರಿಬ್ಬರೂ ಒಂದೇ ಕಾಗದದ ಮೇಲೆ ಸಹಿ ಹಾಕುವಷ್ಟು ಚೆನ್ನಾಗಿದ್ದಿದ್ದರೆ ಮಗುವಿಗೆ ಆ ಕಾಗದವೇ ಬೇಕಿರಲಿಲ್ಲ.

ಶಾಲೆಯ ಕೌನ್ಸೆಲರ್ ಪಾಡು ಕೇಳಬೇಡಿ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಅಂತ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ ಶಿಫಾರಸು ಮಾಡುತ್ತದೆ. ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಕೌನ್ಸೆಲರ್ ಇಲ್ಲವೇ ಇಲ್ಲ, ಆದ್ದರಿಂದ ಅಲ್ಲಿ ಭಾಗಾಕಾರ ಮಾಡುವ ತೊಂದರೆಯೂ ಇಲ್ಲ. ಇದ್ದ ಕಡೆ ಅವರು ರಜೆ ಹಾಕಿದ ಟೀಚರ ಕ್ಲಾಸು ನೋಡಿಕೊಳ್ಳುತ್ತಾರೆ, ಪರೀಕ್ಷೆ ಕೋಣೆಯಲ್ಲಿ ಕಾವಲು ಕಾಯುತ್ತಾರೆ, ಅಂಕಪಟ್ಟಿ ಟೈಪ್ ಮಾಡುತ್ತಾರೆ. ಪರೀಕ್ಷೆ ಭಯ ಅಂತ ಹೇಳಿಕೊಳ್ಳಬೇಕಾದ ಮಗುವಿನ ನೆತ್ತಿಯ ಮೇಲೆ ಅವರೇ ನಿಂತು, ತಲೆ ತಗ್ಗಿಸಿ ಬರೀರಿ ಅನ್ನುತ್ತಿರುತ್ತಾರೆ. ಕೌನ್ಸೆಲಿಂಗ್ ಕೋಣೆ ಅಂದರೆ ಆಟದ ಸಾಮಾನು ಇಡುವ ಜಾಗ. ಒಂದು ಕಡೆ ಗಾಜಿನ ಕಿಟಕಿ, ಆಚೆ ವರಾಂಡಾ. ಬಾಗಿಲ ಮೇಲೆ ದೊಡ್ಡದಾಗಿ ‘ಇಲ್ಲಿ ಎಲ್ಲವೂ ಗುಟ್ಟಾಗಿರುತ್ತದೆ’ ಅನ್ನುವ ಬೋರ್ಡು. ಒಳಗೆ ಯಾರು ಹೋದರು ಅನ್ನೋದು ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಗೊತ್ತು. ಚೆಂಡು ಬೇಕಾದವರು ಮಧ್ಯೆ ಬಾಗಿಲು ತಟ್ಟುತ್ತಾರೆ.

ಇದಕ್ಕೆಲ್ಲ ಪರಿಹಾರ ಅಂತ ಈಗ ಆ್ಯಪ್ ಬಂದಿದೆ. ತೆರೆದರೆ ನೀಲಿ ವೃತ್ತವೊಂದು ಹಿಗ್ಗಿ ಕುಗ್ಗುತ್ತದೆ, ಅದರ ಜೊತೆ ಉಸಿರಾಡಬೇಕು. ಉಸಿರಾಟದ ಅಭ್ಯಾಸ ಕೆಟ್ಟದ್ದೇನಲ್ಲ. ಒಳ್ಳೆಯ ಥೆರಪಿಸ್ಟ್ ಜೊತೆಗಿದ್ದರೆ ಅಂಥ ಆ್ಯಪ್‌ಗಳೂ ಉಪಯೋಗಕ್ಕೆ ಬರುತ್ತವೆ. ಮಗುವಿಗೆ ಮಾತ್ರ ಫೋನ್ ನೋಡಬೇಡ, ಅದರಿಂದಲೇ ಇಷ್ಟೆಲ್ಲ ಆಗಿದ್ದು ಅಂತ ಬೆಳಿಗ್ಗೆ ಹೇಳಿ, ಸಂಜೆ ಅದೇ ಫೋನಿನಲ್ಲಿ ಸಮಾಧಾನ ಹುಡುಕು ಅಂದರೆ ಅದು ಯಾವ ವೃತ್ತದ ಜೊತೆ ಉಸಿರಾಡಬೇಕು?

ಇಷ್ಟೆಲ್ಲ ದಾಟಿ ಒಬ್ಬ ಹುಡುಗಿಗೆ ಕೊನೆಗೂ ಒಬ್ಬ ಥೆರಪಿಸ್ಟ್ ಸಿಕ್ಕರು, ನಂಬಿಕೆ ಹುಟ್ಟಿತು, ಒಂದೊಂದೇ ಮಾತು ಹೊರಗೆ ಬರಲು ಶುರುವಾಯಿತು ಅಂದುಕೊಳ್ಳಿ. ಅಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ಅವತ್ತಿಗೆ ಮಕ್ಕಳ ವಿಭಾಗ ಮುಗಿಯಿತು. ದೊಡ್ಡವರ ವಿಭಾಗ ಬೇರೆ ಕಟ್ಟಡ, ಬೇರೆ ಜನ, ಬೇರೆ ಪಟ್ಟಿ. ಹುಟ್ಟುಹಬ್ಬದ ಉಡುಗೊರೆಯಾಗಿ ಅವಳಿಗೆ ಮೊದಲ ಪ್ರಶ್ನಾವಳಿ ಮತ್ತೆ ಸಿಗುತ್ತದೆ.

ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ. ಗೊತ್ತಿದೆ, ಹಳೆಯ ಸಂಗತಿ. ಆರೋಗ್ಯ ಸೇವೆ ಜನ ಬದುಕುವ, ದುಡಿಯುವ ಜಾಗದ ಹತ್ತಿರಕ್ಕೆ ಬರಬೇಕು ಅಂತ 1978ರಲ್ಲೇ ಕಝಾಕಿಸ್ತಾನದ ಆಲ್ಮಾ ಅಟಾ ನಗರದಲ್ಲಿ ಕೂತು ದೇಶಗಳೆಲ್ಲ ಘೋಷಿಸಿದವು. ಯೋಚನೆ, ನಡವಳಿಕೆಯ ರೀತಿಯನ್ನು ಮಾತುಕತೆಯಿಂದಲೇ ಬದಲಿಸಲು ಕಲಿಸುವ ಸಿಬಿಟಿ ಅನ್ನುವ ಥೆರಪಿ 1960ರ ದಶಕದಿಂದ ಇದೆ. ಮಕ್ಕಳ ಆತಂಕಕ್ಕೆ ಅದು ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹದಿನೈದು ಸಲ ಕೂರಬೇಕು. ಯಂತ್ರ ಬೇಡ, ಎರಡು ಕುರ್ಚಿ, ಮುಚ್ಚುವ ಬಾಗಿಲು, ತರಬೇತಿ ಇರುವ ಒಬ್ಬ ಮನುಷ್ಯ ಸಾಕು. ಎಲ್ಲದಕ್ಕೂ ಮನೋವೈದ್ಯರೇ ಬೇಕಂತಲೂ ಇಲ್ಲ. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಬೆಂಚಿನ ಮೇಲೆ ಕೂರಿಸಿದರು. ಅದು ಬಹುಪಾಲು ದೊಡ್ಡವರಿಗೆ ಅಂತ ಶುರುವಾದದ್ದು, ಆದರೂ ಪರೀಕ್ಷಿಸಿ ನೋಡಿದಾಗ ಬಂದವರ ಖಿನ್ನತೆ ನಿಜಕ್ಕೂ ಕಡಿಮೆಯಾಗಿತ್ತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೂ ಈ ಕೆಲಸ ಕಲಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಕಾರ್ಯಕ್ರಮವನ್ನೇ ಶುರು ಮಾಡಿತು. ಕಷ್ಟದ ಪ್ರಕರಣಗಳಿಗೆ ತಜ್ಞರು ಬೇಕೇ ಬೇಕು. ಉಳಿದವರನ್ನು ಹತ್ತಿರದಲ್ಲೇ ನೋಡಿಕೊಂಡರೆ ತಾನೇ ಅವರ ಮುಂದಿನ ಸಾಲು ಚಿಕ್ಕದಾಗುವುದು?

ಇದನ್ನೆಲ್ಲ ಹೇಳಿದಾಗ ಮೇಲಿನವರು ಸಿಟ್ಟಾಗುವುದಿಲ್ಲ. ಬಹಳ ಒಳ್ಳೆಯ ವಿಚಾರ, ಮೊದಲು ಸಣ್ಣದಾಗಿ ಒಂದು ಪ್ರಯೋಗ, ಅಂದರೆ ಪೈಲಟ್ ಮಾಡೋಣ ಅನ್ನುತ್ತಾರೆ. ಮಾಡುತ್ತಾರೆ ಕೂಡ. ಒಂದು ಬಡಾವಣೆ, ಒಂದು ಶಾಲೆ, ಸಂಜೆಯೂ ತೆರೆದಿರುವ ಒಂದು ಕೋಣೆ, ಕರಾರಿನ ಮೇಲೆ ಇಬ್ಬರು ಕೌನ್ಸೆಲರ್‌ಗಳು. ಮಕ್ಕಳು ಬರುತ್ತಾರೆ, ಎರಡನೇ ಸಲವೂ ಬರುತ್ತಾರೆ, ಕೆಲವರು ಗೆಳೆಯರನ್ನು ಕರೆತರುತ್ತಾರೆ. ವರ್ಷದ ಕೊನೆಗೆ ಬಣ್ಣದ ವರದಿ ಬರುತ್ತದೆ: ಪೈಲಟ್ ಯಶಸ್ವಿ. ಯಶಸ್ವಿ ಆದ್ದರಿಂದ ಮುಗಿಯಿತು, ಅನುದಾನವೂ ಮುಗಿಯಿತು, ಕೋಣೆಯ ಬೀಗದ ಕೈ ವಾಪಸ್ ಕೊಟ್ಟಾಯಿತು. ಚಿಕಿತ್ಸೆಯ ನಡುವೆ ಇದ್ದ ಮಕ್ಕಳು ನಿರಾಶರಾಗಬೇಕಿಲ್ಲ, ಮಾಮೂಲಿ ಸೇವೆಗೆ ಹೊಸದಾಗಿ ಅರ್ಜಿ ಹಾಕಬಹುದು. ಅರ್ಜಿ ಈಗ ಆನ್‌ಲೈನ್, ಪೂರ್ತಿ ಸರಳಗೊಳಿಸಲಾಗಿದೆ. ಮೊದಲ ಪ್ರಶ್ನೆ, ಈ ಮಗು ಈ ಹಿಂದೆ ಎಲ್ಲಾದರೂ ಚಿಕಿತ್ಸೆ ಪಡೆದಿದೆಯೇ? ಹೌದು ಅಂತ ಒತ್ತಿದರೆ, ಹಿಂದೆ ಚಿಕಿತ್ಸೆ ಕೊಟ್ಟ ಕೇಂದ್ರದಿಂದ ಪತ್ರ ತನ್ನಿ ಅನ್ನುತ್ತದೆ.