ಮಾವನವರ ಮಂಡಿ, 1970ರ ಹರಾಜು

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮ ಮಾವನವರದೊಂದು ಟೊಮ್ಯಾಟೊ ಮಂಡಿಯಿದೆ. ಹಂಗಾಮಿನಲ್ಲಿ ರಾತ್ರಿಯಿಡೀ ಲೋಡ್ ಇಳಿಯುವ ಆ ಮಂಡಿಯ ಲೆಕ್ಕವೆಲ್ಲ ಹಿಂದೆ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿತ್ತು. ಈಗ ಬೆಂಗಳೂರಿನಲ್ಲಿರುವ ಬಾವಮೈದುನನ ಕೃಪೆಯಿಂದ ಕ್ಲಿಕ್‌ಹೌಸ್ ಎಂಬ ಡೇಟಾಬೇಸಿನಲ್ಲಿದೆ. ರಷ್ಯಾದ ಯಾಂಡೆಕ್ಸ್ ಸಂಸ್ಥೆಯವರು ಜಾಲತಾಣಗಳ ಅಂಕಿಅಂಶ ಲೆಕ್ಕ ಹಾಕುವುದಕ್ಕೆಂದು ಕಟ್ಟಿ, 2016ರಲ್ಲಿ ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟ ಈ ತಂತ್ರಾಂಶ ಕೋಟಿಗಟ್ಟಲೆ ಸಾಲುಗಳನ್ನು ನೋಡನೋಡುತ್ತಿರುವಂತೆಯೇ ಕೂಡಿ ಮುಗಿಸುತ್ತದೆ. ಹದಿನೈದು ಕೆ.ಜಿ. ಬಾಕ್ಸುಗಳನ್ನು ಎಣಿಸುವುದಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂಬುದು ಮನೆಯ ಅಳಿಯನಾದವನು ಕೇಳಬಾರದ ಪ್ರಶ್ನೆಗಳಲ್ಲೊಂದು.

ಆ ಡೇಟಾಬೇಸ್ ಇರುವ ಸರ್ವರ್ ಎಲ್ಲೋ ದೂರದಲ್ಲಿದೆ, ನಾನು ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ನನ್ನ ಲ್ಯಾಪ್‌ಟಾಪಿನಲ್ಲಿದೆ. ನಡುವಿನ ದಲ್ಲಾಳಿಯೇ ಕ್ಲಿಕ್‌ಹೌಸ್-ಕನೆಕ್ಟ್ ಎಂಬ ಕ್ಲೈಂಟ್ ಲೈಬ್ರರಿ. ನಾನು ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ಬರೆದ ಪ್ರಶ್ನೆಯನ್ನು ಒಯ್ದು, ಅಲ್ಲಿ ಕೊಟ್ಟ ಉತ್ತರವನ್ನು ಪೈಥಾನಿಗೆ ಒಗ್ಗುವ ಹಾಗೆ ಮಾಡಿ ತಂದುಕೊಡುವುದಷ್ಟೇ ಅದರ ಕೆಲಸ. ಅದು ಜಾಲತಾಣಗಳು ಬಳಸುವ ಎಚ್‌ಟಿಟಿಪಿಯಲ್ಲಿ ವ್ಯವಹರಿಸುವುದರಿಂದ ಸರ್ವರಿನ 8123ನೇ ಪೋರ್ಟಿಗೆ, ಅಂದರೆ ಆ ಸಂಖ್ಯೆಯ ಕಿಟಕಿಗೆ, ಹೋಗಬೇಕು. ಬಾವಮೈದುನ ಬರೆದುಕೊಟ್ಟ ಚೀಟಿಯಲ್ಲಿದ್ದದ್ದು 9000. ಸರ್ವರ್ ಗದರಲಿಲ್ಲ, 9000 ಇರುವುದು ಕ್ಲಿಕ್‌ಹೌಸ್-ಕ್ಲೈಂಟ್ ಎಂಬ ಬೇರೆಯೇ ಪ್ರೋಗ್ರಾಮಿಗೆ, ತಾವು 8123ಕ್ಕೆ ಹೋಗಬೇಕು ಎಂದು ದಾರಿ ಹೇಳಿ ಕಳಿಸಿತು. ತಪ್ಪು ಕಿಟಕಿಯಲ್ಲಿ ನಿಂತವನಿಗೆ ಸರಿಯಾದ ಕಿಟಕಿಯನ್ನು ಇಷ್ಟು ಮರ್ಯಾದೆಯಿಂದ ತೋರಿಸಿದ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಿನಕ್ಕೆಷ್ಟು ಬಾಕ್ಸ್ ಬಂತೆಂಬುದು ಮಾವನವರು ಕೇಳಿದ ಮೊದಲ ಲೆಕ್ಕ. ತೆಗೆದುಕೊಟ್ಟ ಹಾಳೆಯನ್ನು ಕನ್ನಡಕ ಏರಿಸಿ ನೋಡಿದವರು, "ಅಳಿಯಂದ್ರೇ, ಮುಳಬಾಗಿಲು ಲೋಡು ಮಂಗಳವಾರ ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ ನಾನೇ ನಿಂತು ಇಳಿಸಿದ್ದು. ಇದರಲ್ಲಿ ಸೋಮವಾರ ಅಂತ ಇದೆಯಲ್ಲ?" ಎಂದರು. ಡೇಟಾಬೇಸ್ ವೇಳೆಯನ್ನು ಇಟ್ಟುಕೊಳ್ಳುವುದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದಲ್ಲಿ, ಅದೂ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ. ನಮ್ಮ ಸರ್ವರಿನ ಗಡಿಯಾರವೂ ಯುಟಿಸಿಯದೇ. ಕೋಲಾರದ ಮಂಗಳವಾರದ 4:40 ಅದರ ಪಾಲಿಗೆ ಸೋಮವಾರ ರಾತ್ರಿಯ 11:10. ದಲ್ಲಾಳಿ ಅದನ್ನು, ಯಾವ ಊರಿನ ವೇಳೆ ಎಂಬ ಗುರುತೂ ಇಲ್ಲದೆ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಂದಿತ್ತು. ಹೀಗಾಗಿ ನಡುರಾತ್ರಿಯಿಂದ ಐದೂವರೆಯೊಳಗೆ ಇಳಿದ ಲೋಡುಗಳೆಲ್ಲ ಹಿಂದಿನ ದಿನದ ಬಾಬ್ತಾಗಿದ್ದವು, ಮಂಡಿಗೆ ಬರುವ ಸರಕೆಲ್ಲ ಹೆಚ್ಚಾಗಿ ಇಳಿಯುವುದೂ ಆ ಹೊತ್ತಿನಲ್ಲೇ.

ದಿನಾಂಕ ತೆಗೆಯುವ ಕಡೆ 'ಏಷ್ಯಾ/ಕೋಲ್ಕತಾ' ಎಂದು ಸೇರಿಸಿದರೆ ಸಾಕು, ಎಲ್ಲವೂ ಸರಿಹೋಗುತ್ತದೆ. ಸೇರಿಸುವಾಗ ಹೆಗಲ ಹಿಂದೆ ನಿಂತಿದ್ದ ಮಾವನವರಿಗೆ ಪರದೆಯ ಮೇಲಿನ ಅಷ್ಟೂ ಬರಹದಲ್ಲಿ ಗುರುತು ಸಿಕ್ಕಿದ್ದು ಆ ಊರೊಂದೇ. "ಕೋಲ್ಕತಾ ಲೋಡು ಯಾವಾಗ ಕಳಿಸಿದ್ವಿ? ಬಾಡಿಗೆ ಯಾರು ಕೊಟ್ರು?" ಇಡೀ ದೇಶದ ಸಮಯಕ್ಕೆ ಕಂಪ್ಯೂಟರಿನವರು ಇಟ್ಟಿರುವುದು ಅದೊಂದೇ ಹೆಸರು, ನಿಜವಾಗಿ ನಮ್ಮ ಕಾಲಮಾನದ ರೇಖೆ ಹಾಯುವುದು ಮಿರ್ಜಾಪುರದ ಬಳಿ ಎಂದು ವಿವರಿಸಹೊರಟೆ. ಅವರು ಮಿರ್ಜಾಪುರದ ಬಾಡಿಗೆಯನ್ನೂ ಕೇಳುವ ಲಕ್ಷಣ ಕಂಡದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಬಂದದ್ದು 2023ರ ಜುಲೈ ತಿಂಗಳ ಲೆಕ್ಕ. ಕೋಲಾರದಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ ತಿಂಗಳದು. ನೆಂಟರ ಮದುವೆಯೊಂದರಲ್ಲಿ ಹೇಳಿಕೊಳ್ಳಲು ಮಾವನವರಿಗೆ ಆ ತಿಂಗಳ ಸರಾಸರಿ ಬೇಕಿತ್ತು. ಲೋಡ್ ಇಳಿದಾಗ ಬರೆಯುವ ಚೀಟಿಗಳದೊಂದು ಕೋಷ್ಟಕ, ಹರಾಜಾದ ಮೇಲೆ ಬರೆಯುವ ಬಿಲ್ಲುಗಳದಿನ್ನೊಂದು. ಎರಡನ್ನೂ ಜೋಡಿಸಿ ಕೇಳಿದರೆ ಬಂದ ಸರಾಸರಿಯನ್ನು ಮದುವೆಯಲ್ಲಿರಲಿ, ತಿಥಿಯಲ್ಲೂ ಹೇಳುವಂತಿರಲಿಲ್ಲ. ಒಂದೊಂದೇ ಸಾಲು ನೋಡುತ್ತ ಹೋದಾಗ ಬಂಗಾರಪೇಟೆ ಕಡೆಯ ರೈತರೊಬ್ಬರ ನಲವತ್ತು ಬಾಕ್ಸುಗಳು 1970ರ ಜನವರಿ 1ರಂದು ಸೊನ್ನೆ ರೂಪಾಯಿಗೆ ಹರಾಜಾಗಿದ್ದುದು ಕಂಡಿತು. "ಆವಾಗ ನಾನು ಮೂರನೇ ಕ್ಲಾಸು," ಎಂದರು ಮಾವನವರು, "ಕೂಗಿದ್ದು ಯಾರು?"

ಯಾರೂ ಕೂಗಿರಲಿಲ್ಲ, ಆ ಚೀಟಿಗೆ ಜೋಡಿಯಾಗುವ ಬಿಲ್ಲೇ ಇರಲಿಲ್ಲ. ಜೋಡಿ ಸಿಗದ ಸಾಲನ್ನು ಖಾಲಿ ಬಿಡುವುದು ಹಲವು ಡೇಟಾಬೇಸುಗಳ ಪದ್ಧತಿ. ಇದು ಮಾತ್ರ, ಬೇರೆ ರೀತಿ ಹೇಳದಿದ್ದರೆ, ಸಂಖ್ಯೆಯ ಜಾಗದಲ್ಲಿ ಸೊನ್ನೆಯನ್ನೂ ದಿನಾಂಕದ ಜಾಗದಲ್ಲಿ ತನ್ನ ಎಣಿಕೆಯ ಮೊದಲ ದಿನವನ್ನೂ ತುಂಬಿಸುತ್ತದೆ. ಸರಾಸರಿ ತೆಗೆಯುವಾಗ ಖಾಲಿ ಜಾಗ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಸೊನ್ನೆ ಬರುತ್ತದೆ. ಖಾಲಿಯನ್ನು ಖಾಲಿಯಾಗಿಯೇ ಬಿಡು ಎಂಬ ಸೆಟ್ಟಿಂಗನ್ನು ಪ್ರಶ್ನೆಯ ಜೊತೆಗೇ ಕಳಿಸಲು ಲೈಬ್ರರಿಯಲ್ಲಿ ಅನುಕೂಲವಿದೆ. ಕಳಿಸಿದ ಮೇಲೆ ಸರಾಸರಿ ಮದುವೆಗೆ ತಕ್ಕಂತಾಯಿತು.

ತೊಂದರೆಯೆಂದರೆ, ಚೀಟಿಯಿದ್ದೂ ಬಿಲ್ಲು ಬರೆಯದೆ ಉಳಿದ ಸಾಲುಗಳು ಈಗ ಎದ್ದು ಕಾಣತೊಡಗಿದವು. ಮಾವನವರು ದಿನವೂ ಬೆಳಗ್ಗೆ ಆ ಪಟ್ಟಿ ಹಿಡಿದು ಗುಮಾಸ್ತನನ್ನು ಕೂಗುತ್ತಾರೆ. ಮೊದಲೆಲ್ಲ ನನಗೆ ಕೇಳದೆಯೇ ಟೀ ತರಿಸುತ್ತಿದ್ದ ಆತ ಮೊನ್ನೆ ಪಕ್ಕಕ್ಕೆ ಕರೆದು, "ಅಣ್ಣಾ, ಆ 1970 ಇದ್ದಿದ್ದೇ ಚೆನ್ನಾಗಿತ್ತು, ಅದನ್ನೇ ವಾಪಸ್ ಹಾಕಿಬಿಡಿ" ಎಂದ.